ಎರಡನೆಯ ಟರ್ಬೈನಿನ ಸದ್ದು

ನಲವತ್ತೆಂಟು ತೆಳು ಎಲೆಗಳನ್ನು ದಾವಲಸಾಬ ಕಾರಿನ ಎಂಜಿನ್ನಿನ ಸುತ್ತ ಒಂದೊಂದಾಗಿ ಅಂಟಿಸಿದ. ವೀಳ್ಯದೆಲೆಯ ಗಾತ್ರದ ಆ ಒಂದೊಂದು ಎಲೆಯೂ ಒಂದೊಂದು ಮೈಕ್ರೊಫೋನು. ಅವು ಹಿಡಿದ ಸದ್ದೆಲ್ಲ ಊಟದ ಡಬ್ಬಿಯಷ್ಟಿದ್ದ ಒಂದು ಬೂದು ಪೆಟ್ಟಿಗೆಗೆ ಹೋಗಿ ಸೇರುತ್ತಿತ್ತು. ಪೆಟ್ಟಿಗೆಯ ಹೆಸರು ಧ್ವನಿದರ್ಶಕ. ಆದರೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಗ್ಯಾರೇಜುಗಳಲ್ಲಿ ಅದನ್ನು ಆ ಹೆಸರಿನಿಂದ ಕರೆಯುವವರಿರಲಿಲ್ಲ. ಎಲ್ಲರಿಗೂ ಅದು ಕಿವಿಪೆಟಗಿ.

"ಚಾಲೂ ಮಾಡ್ರಿ," ಎಂದ ದಾವಲಸಾಬ.

ಕಾರಿನ ಒಡೆಯ ಚನ್ನವೀರ ಮುದಗಲ್ಲ ಕೀಲಿ ತಿರುಗಿಸಿ ಎಂಜಿನ್ನಿನ ವೇಗವನ್ನು ಮೆಲ್ಲಗೆ ಏರಿಸಿದ. ಎರಡೂವರೆ ಸಾವಿರ ಸುತ್ತು ದಾಟಿದ್ದೇ ತಡ, ಬಾನೆಟ್ಟಿನ ಕೆಳಗಿನಿಂದ ದೂರದ ಆಂಬುಲೆನ್ಸಿನ ಸೈರನ್ನಿನಂಥ ಚೀರಾಟ ಎದ್ದಿತು. ಕಾಲು ತೆಗೆದೊಡನೆ ಪಾರಿವಾಳಗಳ ಹಿಂಡು ಒಮ್ಮೆಲೇ ಎದ್ದು ಹಾರಿದಂತೆ ಪಟಪಟ ಸದ್ದು.

"ಎರಡು ವಾರ ಆತ್ರಿ, ಹಿಂಗ ಚೀರಾಕತ್ತಿ," ಎಂದ ಚನ್ನವೀರ. "ಟರ್ಬೊ ಹೋತಂತ ನನ್ನ ಮಗಳು ಅಂತಾಳ."

"ಹೋಗಿರಲಿಕ್ಕೂ ಇಲ್ಲ ಅಂದಿದ್ನಲ್ಲಪ್ಪಾ. ಅದನ್ನ ಬಿಟ್ಟು ಹೇಳ್ತಿ," ಎಂದಳು ಪಕ್ಕದ ಸೀಟಿನಲ್ಲಿ ಕುಳಿತಿದ್ದ ಸಿಂಚನಾ.

ಅದು 2061ನೆಯ ಇಸವಿ. ಪೆಟ್ರೋಲು ಕುಡಿಯುವ ಕಾರುಗಳು ರಸ್ತೆಯಿಂದ ಮರೆಯಾಗಿ ಹತ್ತು ವರ್ಷದ ಮೇಲಾಗಿತ್ತು. ಹವ್ಯಾಸದ ಲೈಸೆನ್ಸು ಇದ್ದವರಿಗೆ ಮಾತ್ರ ಭಾನುವಾರ ಬೆಳಿಗ್ಗೆ ಮೂರು ಗಂಟೆಗಳ ಕಾಲ ಹಳೆಯ ಬೈಪಾಸಿನ ಮೇಲೆ ಅವನ್ನು ಓಡಿಸಲು ಅನುಮತಿಯಿತ್ತು. ಚನ್ನವೀರನ ಕಾರು ಮೂಲತಃ ಸಾಧಾರಣವಾದ ಒಂದು ಪುಟ್ಟ ವಾಹನ. ಅಪ್ಪ ಮಗಳು ಸೇರಿ ಅದರ ಹೊಟ್ಟೆಯನ್ನೆಲ್ಲ ಬದಲಿಸಿದ್ದರು. ಎಂಜಿನ್ನು ಉಗುಳುವ ಬಿಸಿ ಹೊಗೆ ವ್ಯರ್ಥವಾಗದಂತೆ ಅದರ ರಭಸದಿಂದಲೇ ಒಂದು ಚಿಕ್ಕ ಚಕ್ರವನ್ನು, ಅಂದರೆ ಟರ್ಬೈನನ್ನು, ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನವೇ ಟರ್ಬೊ. ದೊಡ್ಡ ಕಾರೊಂದರಿಂದ ಕಳಚಿದ ಟರ್ಬೊವನ್ನು ಅವರು ಈ ಪುಟ್ಟ ಎಂಜಿನ್ನಿಗೆ ಕೂಡಿಸಿದ್ದರು. ಅದರ ದಂಡ ನಿಮಿಷಕ್ಕೆ ಒಂದು ಲಕ್ಷ ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಕೂದಲೆಳೆಯಷ್ಟು ಗೀರು ಬಿದ್ದರೂ ಅದು ಸದ್ದು ಮಾಡಿ ಹೇಳಿಬಿಡುತ್ತದೆ. ಆದರೆ ಕೇಳುವ ಕಿವಿ ಬೇಕು.

ದಾವಲಸಾಬ ಬೆಳಗಲಿಗೆ ಅಂಥ ಕಿವಿಯಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೆ ಒತ್ತಿ, ಇನ್ನೊಂದನ್ನು ಕಿವಿಗೆ ಹಚ್ಚಿ ಅವನು ರೋಗ ಹೇಳುತ್ತಿದ್ದ. ಧಾರವಾಡದ ಪ್ರಯೋಗಾಲಯವೊಂದರ ಶಬ್ದವಿಜ್ಞಾನಿ ಡಾ. ಅರುಂಧತಿ ಕಾಖಂಡಕಿ ಎಂಟು ತಿಂಗಳು ಅವನ ಗ್ಯಾರೇಜಿನಲ್ಲಿ ಸ್ಟೂಲು ಹಾಕಿಕೊಂಡು ಕುಳಿತಿದ್ದಳು. ಯಾವ ಸದ್ದು ಎಲ್ಲಿಂದ ಎಂದು ಅವನನ್ನು ಕೇಳಿ ಕೇಳಿ ಬರೆದುಕೊಂಡಳು. ಆಮೇಲೆ ಹನ್ನೊಂದು ಸಾವಿರ ಟರ್ಬೊಗಳನ್ನು ಹೊಸದಿದ್ದಾಗಿನಿಂದ ಸಿಡಿದು ಚೂರಾಗುವವರೆಗೆ ಓಡಿಸಿ, ಒಂದೊಂದರ ಬದುಕಿನ ಅಷ್ಟೂ ಸದ್ದನ್ನು ಪೆಟ್ಟಿಗೆಗೆ ಕಲಿಸಿದಳು. ಹಾಗಾಗಿ ಪೆಟ್ಟಿಗೆಗೆ ರೋಗ ತಿಳಿಯುವುದಷ್ಟೇ ಅಲ್ಲ, ಆ ಭಾಗ ಇನ್ನೆಷ್ಟು ಕಾಲ ಬಾಳುತ್ತದೆ ಎಂಬುದೂ ತಿಳಿಯುತ್ತಿತ್ತು. ಕಾರ್ಖಾನೆ, ವಿಮಾನ ನಿಲ್ದಾಣ, ನೀರೆತ್ತುವ ಕೇಂದ್ರ, ಹೀಗೆ ಟರ್ಬೈನು ತಿರುಗುವ ಎಲ್ಲ ಕಡೆ ಅದು ಹೋಗಿತ್ತು. ನಾಲ್ಕು ವರ್ಷದಲ್ಲಿ ಅದು ಹೇಳಿದ ದಿನಕ್ಕೂ ಯಂತ್ರ ಕೆಟ್ಟ ದಿನಕ್ಕೂ ವಾರಕ್ಕಿಂತ ಹೆಚ್ಚು ವ್ಯತ್ಯಾಸವಾದದ್ದಿಲ್ಲ.

ಆ ಶನಿವಾರ ಬೆಳಿಗ್ಗೆ ಅವಳು ಸುಮ್ಮನೆ ಚಹಾಕ್ಕೆಂದು ಗ್ಯಾರೇಜಿಗೆ ಬಂದಿದ್ದಳು. ಪರದೆಯನ್ನು ತಾನೇ ಓದಿದಳು.

"ಚೀರೂದು ಟರ್ಬೊ ಅಲ್ಲ. ಹೊಗೆ ಬರೋ ಕೊಳವಿ ಟರ್ಬೊಕ್ಕ ಕೂಡೋ ಜಾಗಾದಾಗ ಗ್ಯಾಸ್ಕೆಟ್ ಸುಟ್ಟದ. ಸಂದಿಯಿಂದ ಹೊಗೆ ಸೀಟಿ ಹೊಡೀಲಿಕ್ಕೆ ಹತ್ತದ. ಪಟಪಟ ಅನ್ನೋದು ರೋಗನ ಅಲ್ಲ. ನೀವು ಕಾಲು ತಗದಾಗ ತುಂಬಿದ ಗಾಳಿಗೆ ಹೊರಗ ಹೋಗ್ಲಿಕ್ಕೆ ಬಾಗಿಲ ಇಟ್ಟಿಲ್ಲ. ಅದಕ್ಕ ಅದು ಹೊಳ್ಳಿ ಬಂದು ಚಕ್ರಕ್ಕ ಬಡೀತದ. ಟರ್ಬೊ ಇನ್ನೂ ನಾಲ್ಕು ಸಾವಿರ ತಾಸು ಓಡ್ತದ."

"ಬದುಕ್ದೆ," ಎಂದು ಚನ್ನವೀರ ಎಂಜಿನ್ನನ್ನು ಆರಿಸಿ ಕೆಳಗಿಳಿದ. ಗ್ಯಾಸ್ಕೆಟ್ ಸುಟ್ಟ ಜಾಗವನ್ನು ಕಣ್ಣಾರೆ ಕಾಣಬೇಕೆಂದು ಬಾನೆಟ್ಟಿನ ಅಂಚಿಗೆ ಎದೆಯೂರಿ ಬಗ್ಗಿದ.

ಪೆಟ್ಟಿಗೆ ಆರಿರಲಿಲ್ಲ. ಅದರ ಪರದೆಯ ಮೇಲೆ ಹೊಸ ಸಾಲೊಂದು ಮೂಡಿತು. ಎರಡನೆಯ ಟರ್ಬೈನ್. ನಿಮಿಷಕ್ಕೆ ಒಂಬತ್ತು ಸಾವಿರ ಸುತ್ತು. ಬೇರಿಂಗ್ ಸವೆದಿದೆ. ಉಳಿದ ಆಯುಷ್ಯ ಇಪ್ಪತ್ತಾರು ದಿನ.

"ಎಂಜಿನ್ ಬಂದ್ ಐತಿ, ಇದೇನು ತಿರಗತೈತಿ?" ಎಂದು ದಾವಲಸಾಬ ಹುಬ್ಬುಗಂಟಿಕ್ಕಿದ. ಫ್ಯಾನು, ಪೆಟ್ರೋಲು ಪಂಪು ಎಲ್ಲ ಮುಟ್ಟಿ ನೋಡಿದ. ಎಲ್ಲವೂ ನಿಂತಿದ್ದವು. ಬ್ಯಾಟರಿಯ ತಂತಿಯನ್ನೇ ಕಳಚಿದ. ಸಾಲು ಅಳಿಯಲಿಲ್ಲ.

ಅರುಂಧತಿಗೂ ತಿಳಿಯಲಿಲ್ಲ. ತಿಳಿದದ್ದು ಚನ್ನವೀರನಿಗೆ. ಅವನು ಮೆಲ್ಲಗೆ ನೆಟ್ಟಗಾಗಿ ಎರಡು ಹೆಜ್ಜೆ ಹಿಂದೆ ಸರಿದ. ಸಾಲು ಮಾಯವಾಯಿತು. ಮತ್ತೆ ಮುಂದೆ ಬಂದು ಬಗ್ಗಿದ. ಸಾಲು ಬಂತು.

"ಅದು ನಂದರಿ," ಎಂದ ಅವನು.

ಇಪ್ಪತ್ತೆರಡು ವರ್ಷ ರೈಲು ಎಂಜಿನ್ ಓಡಿಸಿದವನು ಚನ್ನವೀರ. ಆರು ವರ್ಷದ ಹಿಂದೆ ಬಂದ ವಿಷಮ ಜ್ವರವೊಂದು ಅವನ ಹೃದಯದ ಸ್ನಾಯುವನ್ನು ಹರಿದ ಚೀಲದಂತೆ ಮಾಡಿ ಹೋಗಿತ್ತು. ಅಂದಿನಿಂದ ಅವನ ಎದೆಯೊಳಗೆ ಹೆಬ್ಬೆರಳು ಗಾತ್ರದ ಒಂದು ಪಂಪು ಹಗಲಿರುಳು ತಿರುಗುತ್ತಿತ್ತು. ಎರಡು ಮಾಣಿಕ್ಯದ ಹರಳುಗಳ ನಡುವೆ ನಿಂತ ಸಣ್ಣ ರೆಕ್ಕೆಚಕ್ರ, ಅದರಿಂದ ಹೊರಟ ಒಂದು ಮೆತ್ತನೆಯ ಕೊಳವೆ. ರಕ್ತ ಅದರ ಮೂಲಕ ಮಹಾಧಮನಿಗೆ ಹೋಗುತ್ತಿತ್ತು. ಅಂಥ ಪಂಪು ಹಾಕಿಸಿಕೊಂಡವರು ಆ ಕಾಲಕ್ಕೆ ನಾಡಿನಲ್ಲಿ ಸಾವಿರಾರು ಜನರಿದ್ದರು.

ಸಿಂಚನಾ ಕಾರಿನಿಂದಿಳಿದು ಪರದೆಯನ್ನು ನೋಡಿದಳು. ಓದಿ ಮುಗಿಸಿದರೂ ಅಲ್ಲಿಂದ ಕಣ್ಣು ತೆಗೆಯಲಿಲ್ಲ. "ಇದು ಅಪ್ಪಂದಾ?" ಎಂದು ಯಾರನ್ನೂ ನೋಡದೆ ಕೇಳಿದಳು. ಪೆಟ್ಟಿಗೆಯ ಗುಂಡಿಯನ್ನೊತ್ತಿ ಆರಿಸಬಹುದಿತ್ತೆಂದು ಅರುಂಧತಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು.

*

ಆದರೂ ಅರುಂಧತಿ ಅವಸರ ಮಾಡಲಿಲ್ಲ. ಒಂದು ಸಲ ಕೇಳಿ ಹೇಳಿದ್ದನ್ನು ನಂಬಬಾರದೆಂದು ಸೋಮವಾರ ಚನ್ನವೀರನನ್ನು ಪ್ರಯೋಗಾಲಯಕ್ಕೇ ಕರೆಸಿದಳು. ಹೊರಗಿನ ಸದ್ದು ಬಾರದ ಕೋಣೆಯಲ್ಲಿ ಮಲಗಿಸಿ ಎಲೆಗಳನ್ನು ಎದೆಗೆ ಹಚ್ಚಿದಳು. ಇಪ್ಪತ್ತನಾಲ್ಕು ದಿನ ಎಂದಿತು ಪೆಟ್ಟಿಗೆ. ಬುಧವಾರ ಮತ್ತೆ ನೋಡಿದಳು. ಇಪ್ಪತ್ತೆರಡು. ದಿನ ಕಳೆದಷ್ಟೇ ಸಂಖ್ಯೆಯೂ ಇಳಿಯುತ್ತಿತ್ತು. ಸಿಡಿಯಲಿದ್ದ ಹನ್ನೊಂದು ಸಾವಿರ ಟರ್ಬೊಗಳ ಸಂಖ್ಯೆಯೂ ಹೀಗೆಯೇ ಇಳಿದಿತ್ತು.

ಬುಧವಾರ ಸಂಜೆ ಎಲೆಗಳ ಹಳೆಯ ತಂತಿಯೊಂದನ್ನು ಬದಲಿಸಿಕೊಳ್ಳಲು ಅವಳು ಗ್ಯಾರೇಜಿಗೆ ಹೋದಾಗ ದಾವಲಸಾಬ, ಪೆಟ್ಟಿಗೆ ಚನ್ನವೀರನ ಎದೆಯಿಂದ ಹಿಡಿದ ಸದ್ದನ್ನು ತನಗೂ ಕೇಳಿಸಲು ಹೇಳಿದ. ಹೆಡ್‌ಫೋನನ್ನು ಕಿವಿಗೆ ಹಚ್ಚಿಕೊಂಡು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದ.

"ಬಾಯಾರ, ನನಗ ಡಾಕ್ಟರಕಿ ತಿಳ್ಯಾಂಗಿಲ್ಲ," ಎಂದ. "ಆದ್ರ ಟರ್ಬೊದಾಗ ಬೇರಿಂಗ್ ಸವದ್ರೂ ಹಿಂಗ ಗೊರಗೊರ ಅಂತೈತಿ, ಮುಂದಿನ ಪೈಪ್ ಚಿವುಟಿಧಂಗ ಆದ್ರೂ ಹಿಂಗ ಅಂತೈತಿ. ನಾ ಮೊದಲ ಪೈಪ್ ನೋಡ್ತೇನಿ. ಆಮ್ಯಾಲ ಬಿಚ್ಚತೇನಿ."

"ಅದೆರಡನ್ನೂ ಪೆಟಗಿ ಬ್ಯಾರೆ ಮಾಡ್ತದಲ್ಲ ದಾವಲಸಾಬ. ನೀವ ಕಲಿಸಿದ್ದಲ್ಲೇನು ಅದು?"

"ನಾ ಕಲಿಸಿದ್ದು ಟರ್ಬೊದ್ದು," ಎಂದ ಅವನು. ಅಷ್ಟು ಹೇಳಿ ತಂತಿ ಕೂಡಿಸಲು ಕುಳಿತ. ಅರುಂಧತಿಯೂ ಮಾತು ಬೆಳೆಸಲಿಲ್ಲ. ಮೂರು ಸಲ ನೋಡಿದ್ದೇನೆ, ಮೂರು ಸಲವೂ ಒಂದೇ ಗೆರೆಯ ಮೇಲೆ ಬಂದಿದೆ ಎಂಬುದು ಅವಳ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಚಕ್ರ, ರೆಕ್ಕೆ, ಬೇರಿಂಗು. ಅದೂ ಟರ್ಬೈನು, ಇದೂ ಟರ್ಬೈನು.

ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಡಾ. ತೊರವಿ ಪಂಪಿನ ಒಳಗಿನ ದಾಖಲೆಯನ್ನು ತೆರೆದು ತೋರಿಸಿದ. ಎಲ್ಲ ಸಾಲುಗಳೂ ಹಸಿರು. ವಿದ್ಯುತ್ತು ತುಸು ಏರಿಳಿದಿತ್ತು, ಆದರೆ ಮಿತಿಯೊಳಗೇ.

"ಪಂಪು ಛಲೋ ಅದ ಅಂತದ," ಎಂದ ತೊರವಿ. "ಎದಿ ಎರಡನೇ ಸಲ ಬಿಚ್ಚೋದು ಸಣ್ಣ ಮಾತಲ್ಲರಿ. ಹಳೇ ಗಾಯ ಎಲ್ಲಾ ಒಂದಕ್ಕೊಂದು ಹತ್ತಿಕೊಂಡಿರ್ತದ. ಎಂಟು ಮಂದ್ಯಾಗ ಒಬ್ರು ಸಾಯ್ತಾರ. ನಾ ಆದ್ರ ಕಾಯ್ತಿದ್ದೆ."

"ಎಷ್ಟು ದಿನ ಕಾಯ್ತೀರಿ?" ಎಂದು ಕೇಳಿದಳು ಅರುಂಧತಿ. "ಬೇರಿಂಗ್ ಹಿಡಕೊಂಡ್ತಂದ್ರ ಪಂಪು ಒಂದು ನಿಮಿಷದಾಗ ನಿಲ್ತದ. ಆವಾಗ ಅವರು ಮನ್ಯಾಗಿರ್ತಾರೋ, ರಸ್ತ್ಯಾಗಿರ್ತಾರೋ?"

ತೊರವಿ ಒಪ್ಪಲಿಲ್ಲ. ಅವಳೂ ಬಿಡಲಿಲ್ಲ. ವಿಷಯ ಆಸ್ಪತ್ರೆಯ ಸಮಿತಿಯ ಮುಂದೆ ಹೋಯಿತು. ಐದು ಜನ ತಜ್ಞರೆದುರು ನಿಂತು ಅವಳು ಮುಕ್ಕಾಲು ಗಂಟೆ ಮಾತಾಡಿದಳು. ನಾಲ್ಕು ವರ್ಷದ ಅಂಕಿಅಂಶಗಳನ್ನು ತೋರಿಸಿದಳು, ವಿಮಾನದ ಎಂಜಿನ್ನೊಂದು ಸಿಡಿಯುವ ಒಂಬತ್ತು ದಿನ ಮೊದಲೇ ಪೆಟ್ಟಿಗೆ ಎಚ್ಚರಿಸಿದ್ದನ್ನು ಹೇಳಿದಳು. ಯಾರ ಬಳಿಯೂ ಅವಳ ಸಂಖ್ಯೆಗೆ ಎದುರಾಗಿ ಇಡಲು ಇನ್ನೊಂದು ಸಂಖ್ಯೆಯಿರಲಿಲ್ಲ. ಕೊನೆಗೆ, ರೋಗಿ ಒಪ್ಪಿದರೆ ಆಗಬಹುದು ಎಂದಿತು ಸಮಿತಿ.

ಚನ್ನವೀರ ಯೋಚಿಸಲು ಸಮಯ ತೆಗೆದುಕೊಳ್ಳಲೇ ಇಲ್ಲ.

"ಇಪ್ಪತ್ತೆರಡು ವರ್ಷ ಗಾಡಿ ಓಡಿಸೇನ್ರಿ," ಎಂದ. "ಸಿಗ್ನಲ್ ಕೆಂಪಗ ಐತಿ ಅಂದ್ರ ಮುಂದ ಹಳಿ ಖಾಲಿ ಕಂಡ್ರೂ ನಿಂದರಸಬೇಕು. ಸಿಗ್ನಲ್ ಕೆಟ್ಟಿರಬಹುದು ಅಂತ ಮುಂದ ಹೋದಾವ್ರ ಕತಿ ನನಗ ಗೊತ್ತೈತಿ."

ಶಸ್ತ್ರಕ್ರಿಯೆಯ ಹಿಂದಿನ ಭಾನುವಾರ ಅಪ್ಪ ಮಗಳು ಹಳೆಯ ಬೈಪಾಸಿಗೆ ಹೋದರು. ದಾವಲಸಾಬ ಹೊಸ ಗ್ಯಾಸ್ಕೆಟ್ ಕೂಡಿಸಿದ್ದ. ಚೀರಾಟ ಪೂರ್ತಿ ನಿಂತಿತ್ತು. ಚನ್ನವೀರ ಮಗಳಿಗೇ ಓಡಿಸಲು ಕೊಟ್ಟು ಪಕ್ಕದಲ್ಲಿ ಕುಳಿತ. ಸಿಂಚನಾ ವೇಗ ಹೆಚ್ಚಿಸಲಿಲ್ಲ. ಉಳಿದ ಕಾರುಗಳೆಲ್ಲ ಅವರನ್ನು ದಾಟಿ ಹೋದವು. "ಒಮ್ಮಿ ಒತ್ತವಾ, ಟರ್ಬೊ ಕೇಳಬೇಕು," ಎಂದ ಅವನು. ಅವಳು ಒತ್ತಿದಳು. ಸಣ್ಣಗೆ, ಸ್ವಚ್ಛವಾಗಿ ಅದು ಹಾಡಿತು. ಅವನು ಕಿಟಕಿಯ ಕಡೆ ಮುಖ ತಿರುಗಿಸಿ ಕೇಳುತ್ತ ಕುಳಿತ. ಒಂಬತ್ತು ಗಂಟೆಗೆ ಪೊಲೀಸರು ಸೀಟಿ ಊದಿ ಎಲ್ಲರನ್ನೂ ಹಿಂದಕ್ಕೆ ಕಳಿಸಿದರು.

*

ಶಸ್ತ್ರಕ್ರಿಯೆ ಹನ್ನೊಂದು ಗಂಟೆ ನಡೆಯಿತು. ಹೊಸ ಪಂಪು ಕೂತಿತು, ತಿರುಗಿತು. ಆದರೆ ಹಳೆಯ ಗಾಯದ ಅಂಟುಗಳನ್ನು ಬಿಡಿಸಿದಲ್ಲೆಲ್ಲ ರಕ್ತ ಒಸರತೊಡಗಿ ನಿಲ್ಲಲಿಲ್ಲ. ನಿಲ್ಲಿಸಲು ಕೊಟ್ಟ ಔಷಧಿಯಿಂದ ಮೂರನೆಯ ದಿನ ಮಿದುಳಿಗೆ ಹೆಪ್ಪು ಹೋಯಿತು. ನಾಲ್ಕನೆಯ ದಿನ ಮಧ್ಯಾಹ್ನ ಚನ್ನವೀರ ಮುದಗಲ್ಲ ತೀರಿಕೊಂಡ. ಹೊಸ ಪಂಪನ್ನು ಕೈಯಿಂದ ನಿಲ್ಲಿಸಬೇಕಾಯಿತು. ಅದಕ್ಕೆ ಮಗಳ ಸಹಿ ಬೇಕಿತ್ತು. ಸಿಂಚನಾ ಸಹಿ ಮಾಡಿದಳು. ತಾಯಿ ಇಲ್ಲದ ಅವಳಿಗೆ ಸಹಿ ಮಾಡಲು ಬೇರೆ ಯಾರೂ ಇರಲಿಲ್ಲ.

ಮಣ್ಣಿಗೆ ದಾವಲಸಾಬ ಬಂದಿದ್ದ, ಅರುಂಧತಿಯೂ ಬಂದಿದ್ದಳು. ಹಿಡಿ ಮಣ್ಣು ಹಾಕಿ ಹೊರಬರುವಾಗ ಗೇಟಿನ ಬಳಿ ಕಾದಿದ್ದ ಡಾ. ತೊರವಿ ಅರುಂಧತಿಯನ್ನು ಪಕ್ಕಕ್ಕೆ ಕರೆದ.

"ನಿಮಗ ಹೇಳಬೇಕಾಗಿತ್ತು," ಎಂದ. "ಪಂಪು ಕಳಚಿ ತಗದ ಮ್ಯಾಲ ನೋಡಿದ್ವಿ. ಅದರಿಂದ ಹೊರಗ ಹೋಗೋ ಕೊಳವಿ ಅರ್ಧ ಸುತ್ತು ಹೊರಳಿತ್ತು. ಹಳೇ ಗಾಯದ ಅಡ್ಯಾಗ ಮುಚ್ಚಿಹೋಗಿತ್ತು. ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಗಿ ಹೊರಳಿಕೋತ ಬಂದಿರಬೇಕು. ಅದಷ್ಟ ನೆಟ್ಟಗ ಮಾಡೋದಿದ್ರ ಪಕ್ಕಡಿ ಎಲುಬಿನ ಸಂದಿನ್ಯಾಗ ಸಣ್ಣ ತೂತು ಹಾಕಿ ಒಂದು ತಾಸಿನ್ಯಾಗ ಮಾಡಬಹುದಿತ್ತು."

"ಸ್ಕ್ಯಾನಿನ್ಯಾಗ ಕಾಣ್ತಿರಲಿಲ್ಲೇನು?"

"ಆ ಕಡೆ ನೋಡಿದ್ರ ಕಾಣ್ತಿತ್ತು," ಎಂದ ತೊರವಿ. ಅವನ ದನಿಯಲ್ಲಿ ಆಪಾದನೆಯಿರಲಿಲ್ಲ, ಬರೀ ದಣಿವಿತ್ತು. "ನಾವೆಲ್ಲಾ ಬೇರಿಂಗ್ ನೋಡ್ಲಿಕ್ಕೆ ಹತ್ತಿದ್ವಿ."

*

ಹನ್ನೆರಡು ದಿನಗಳ ನಂತರ ಸಿಂಚನಾ ಧಾರವಾಡದ ಪ್ರಯೋಗಾಲಯಕ್ಕೆ ಬಂದಳು. ಕೈಯಲ್ಲೊಂದು ಗಾಜಿನ ಭರಣಿಯಿತ್ತು, ಅದರೊಳಗೆ ಅಪ್ಪನ ಎದೆಯಿಂದ ತೆಗೆದ ಪಂಪು. ಕಾನೂನಿನ ಪ್ರಕಾರ ಅದು ಈಗ ಅವಳ ಸ್ವತ್ತು.

"ಇದನ್ನ ಕೇಳಿ ಹೇಳ್ರಿ," ಎಂದಳು. "ಎಷ್ಟು ದಿನ ಇತ್ತು ಅಂತ."

ಅರುಂಧತಿ ಬೇಡವೆನ್ನಲಿಲ್ಲ. ರಕ್ತದಷ್ಟು ಮಂದವಾಗುವಂತೆ ನೀರಿಗೆ ಗ್ಲಿಸರಿನ್ ಬೆರೆಸಿ ತೊಟ್ಟಿಯಲ್ಲಿ ತುಂಬಿದಳು. ಪಂಪಿಗೆ ಮೆತ್ತನೆಯ ಕೊಳವೆ ಕೂಡಿಸಿ ಮುಳುಗಿಸಿ, ಒಂಬತ್ತು ಸಾವಿರ ಸುತ್ತಿನಲ್ಲಿ ಓಡಿಸಿದಳು. ತೊಟ್ಟಿಯ ಗೋಡೆಗೆ ಎಲೆಗಳನ್ನು ಹಚ್ಚಿದಳು. ಪೆಟ್ಟಿಗೆ ಸ್ವಲ್ಪ ಹೊತ್ತು ಕೇಳಿತು. ಬೇರಿಂಗ್ ಸವೆದಿಲ್ಲ ಎಂದಿತು. ಉಳಿದ ಆಯುಷ್ಯ ಹನ್ನೊಂದು ವರ್ಷ.

ಅರುಂಧತಿ ತೊಟ್ಟಿಯೊಳಗೆ ಕೈ ಇಳಿಸಿದಳು. ಹೆಬ್ಬೆರಳು ತೋರುಬೆರಳುಗಳ ನಡುವೆ ಕೊಳವೆಯನ್ನು ಹಿಡಿದು ಮೆಲ್ಲಗೆ ಚಿವುಟಿದಳು. ಗೊರಗೊರ ಸದ್ದು ಎದ್ದಿತು. ಪರದೆಯ ಮೇಲಿನ ಸಾಲು ಬದಲಾಯಿತು. ಬೇರಿಂಗ್ ಸವೆದಿದೆ. ಇಪ್ಪತ್ತಾರು ದಿನ. ಇನ್ನೊಂದು ಚೂರು ಒತ್ತಿದಳು. ಇಪ್ಪತ್ತೆರಡು. ಮತ್ತೂ ಒತ್ತಿದಳು. ಹದಿನಾಲ್ಕು. ಬೆರಳು ಬಿಟ್ಟೊಡನೆ ಹನ್ನೊಂದು ವರ್ಷಕ್ಕೆ ಜಿಗಿಯಿತು.

ಆಮೇಲೆ ಅವಳು ಪಂಪನ್ನು ಬಿಚ್ಚಿದಳು. ಎರಡು ಮಾಣಿಕ್ಯದ ಹರಳುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ತಾನು ನೋಡಿ, ಸಿಂಚನಾಳಿಗೂ ನೋಡಲು ಬಿಟ್ಟಳು. ಒಂದು ಗೀರೂ ಇರಲಿಲ್ಲ.

"ಅಂದ್ರ ಹನ್ನೊಂದು ವರ್ಷ ಇತ್ತೇನ್ರಿ?"

"ಆ ಹನ್ನೊಂದು ವರ್ಷ ಅನ್ನೋದಕ್ಕೂ ಅರ್ಥ ಇಲ್ಲವಾ," ಎಂದಳು ಅರುಂಧತಿ. "ಇದು ಟರ್ಬೊಗಳನ್ನಷ್ಟ ಕೇಳಿ ಬೆಳದದ್ದು. ಮನುಷ್ಯಾರ ಪಂಪು ಒಂದನೂ ಕೇಳಿಲ್ಲ. ಗೊತ್ತಿಲ್ಲದ್ದು ಬಂದ್ರ, ಗೊತ್ತಿದ್ದದ್ರಾಗ ಯಾವುದು ಹತ್ರನೋ ಅದನ್ನ ಹೇಳ್ತದ."

"ನಿಮಗ ಇದು ಗೊತ್ತಿತ್ತೇನ್ರಿ?"

ಗೊತ್ತಿತ್ತು. ಅದನ್ನು ಕಟ್ಟಿದವಳೇ ಅವಳು. ಆದರೆ ಸಂಖ್ಯೆ ಮೂರು ಸಲವೂ ಒಂದೇ ಗೆರೆಯ ಮೇಲೆ ಬಂದಾಗ, ತನಗೆ ಗೊತ್ತಿದ್ದುದನ್ನು ಅವಳು ಕೇಳಿಕೊಳ್ಳಲೇ ಇಲ್ಲ. ಅಷ್ಟನ್ನೂ ಹಾಗೆಯೇ ಹೇಳಿದಳು. ಒಂದು ಮಾತನ್ನೂ ಮರೆಮಾಚಲಿಲ್ಲ.

ಸಿಂಚನಾ ನಗರದ ನೀರು ಪರೀಕ್ಷಾ ಕೇಂದ್ರದಲ್ಲಿ ಕೆಲಸ ಮಾಡುವವಳು. ತೊಟ್ಟಿಯ ನೀರನ್ನು ತೋರಿಸಿ ಮೆಲ್ಲಗೆ ಮಾತಾಡಿದಳು.

"ನಮ್ಮ ಲ್ಯಾಬಿನ್ಯಾಗ, ನೀರಾಗ ಇರೂದನ್ನ ಯಂತ್ರಕ್ಕ ಹಿಡ್ಯಾಕ ಆಗದಿದ್ರ 'ಪತ್ತೆಯಾಗಿಲ್ಲ' ಅಂತ ಬರೀತೇವ್ರಿ. ಸೊನ್ನೆ ಅಂತ ಬರ್ಯಾಂಗಿಲ್ಲ. ಅಂದಾಜಿಲೆ ಏನರ ಬರದ್ರ ನೌಕರಿ ಹೋಗತೈತಿ. ಸೇರಿದ ಮೊದಲನೇ ದಿನ ಕಲಿಸ್ತಾರ ಅದನ್ನ. ನಿಮ್ಮ ಪೆಟಗಿಗೆ ಅದೊಂದು ಮಾತು ಯಾಕ ಕಲಿಸಲಿಲ್ರಿ?"

ಸಿಂಚನಾ ಬಿಚ್ಚಿದ ಪಂಪಿನ ಚೂರುಗಳನ್ನೆಲ್ಲ, ಎರಡು ಹರಳುಗಳನ್ನೂ, ಎಣಿಸಿ ಭರಣಿಯೊಳಗೆ ಹಾಕಿಕೊಂಡು ಹೋದಳು. ಅವಳು ದೂರು ಕೊಡಲಿಲ್ಲ. ಕೊಟ್ಟಿದ್ದರೆ ಒಳ್ಳೆಯದಿತ್ತೆಂದು ಅರುಂಧತಿಗೆ ಅನಿಸಿತು.

ಒಂದು ವಾರ ಅವಳು ಮನೆಯಿಂದ ಹೊರಬರಲಿಲ್ಲ. ಅವಳನ್ನು ಹುಡುಕಿಕೊಂಡು ಬಂದವನು ದಾವಲಸಾಬ. ಹೊಸ್ತಿಲಲ್ಲೇ ನಿಂತು, ತಪ್ಪೊಪ್ಪಿಕೊಳ್ಳುವವನಂತೆ ಹೇಳಿದ.

"ನಾ ಅವತ್ತ ಜಗಳಾ ತಗೀಬೇಕಾಗಿತ್ರಿ ಬಾಯಾರ. ಮೊದಲ ಪೈಪ್ ನೋಡ್ರಿ ಅಂತ ಕುತಿಗಿ ಮ್ಯಾಲ ಕೂಡಬೇಕಾಗಿತ್ತು. ಪೆಟಗಿ ನಾಲ್ಕು ವರ್ಷ ಒಮ್ಮೀನೂ ತಪ್ಪಿದ್ದಿಲ್ಲ. ನನ್ನ ಕಿವಿ ಎಷ್ಟೋ ಸಲ ತಪ್ಪೈತಿ. ಅದಕ್ಕ ನನ್ನ ಕಿವಿ ಸುಳ್ಳು ಅನಕೊಂಡ ಬಿಟ್ಟೆ."

*

ಪೆಟ್ಟಿಗೆಗೆ ಆ ಒಂದು ಮಾತನ್ನು ಕಲಿಸಲು ಅರುಂಧತಿಗೆ ಹದಿನಾಲ್ಕು ತಿಂಗಳು ಬೇಕಾದವು. ಗೊತ್ತಿರುವುದನ್ನು ಕಲಿಸುವುದಕ್ಕಿಂತ, ಯಾವುದು ಗೊತ್ತಿಲ್ಲ ಎಂಬುದನ್ನು ಕಲಿಸುವುದು ಎಷ್ಟೋ ಪಾಲು ಕಷ್ಟವಾಗಿತ್ತು. ಹೊಸ ಪೆಟ್ಟಿಗೆ ಪ್ರತಿ ಸದ್ದನ್ನೂ ಮೊದಲು ತಾನು ಕಲಿತ ಸದ್ದುಗಳ ಜೊತೆ ಹೋಲಿಸಿ ನೋಡುತ್ತಿತ್ತು. ಇದು ತನ್ನ ಲೋಕದ್ದಲ್ಲ ಎನಿಸಿದರೆ ಸಂಖ್ಯೆ ಕೊಡದೆ, "ಗೊತ್ತಿಲ್ಲ. ಈ ಸದ್ದನ್ನು ನಾನು ಕಲಿತಿಲ್ಲ" ಎಂದಷ್ಟೇ ತೋರಿಸುತ್ತಿತ್ತು. ಮಾರ್ಪಾಡು ಮಾಡಿದ ಕಾರುಗಳ ವಿಷಯದಲ್ಲಿ ಈ ಸಾಲು ಪದೇ ಪದೇ ಬರುತ್ತಿತ್ತು. ಒಬ್ಬೊಬ್ಬನೂ ಒಂದೊಂದು ಬಗೆಯಲ್ಲಿ ಕೂಡಿಸಿದ ಟರ್ಬೊ, ಒಂದೊಂದು ಬಗೆಯ ಕೊಳವೆ. ಗಿರಾಕಿಗಳು ಬೇಸತ್ತರು. ಕಾರ್ಖಾನೆಗಳೂ ಒಂದೊಂದಾಗಿ ಹಿಂದೆ ಸರಿದವು. ಅದೇ ಹೊತ್ತಿಗೆ ಬೇರೆ ಕಂಪನಿಯೊಂದು ಅಂಥದೇ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತ್ತು. ಅದು ಏನನ್ನು ಕೇಳಿದರೂ ಉತ್ತರ ಕೊಡುತ್ತಿತ್ತು.

ಚನ್ನವೀರನ ಸುದ್ದಿ ಊರೂರಿಗೆ ಹಬ್ಬಿತ್ತು, ಆದರೆ ಅರ್ಧ ಮಾತ್ರ. ಗ್ಯಾರೇಜಿನ ಪೆಟ್ಟಿಗೆ ಎದೆಯೊಳಗಿನ ಪಂಪನ್ನೂ ಕೇಳುತ್ತದೆ, ಆಸ್ಪತ್ರೆಯಲ್ಲಿ ಹೇಳದ್ದನ್ನು ಹೇಳುತ್ತದೆ ಎಂಬಷ್ಟೇ ಜನರಿಗೆ ತಲುಪಿತ್ತು.

ಹಾಗೆ ಕೇಳಿ ಬಂದವರಲ್ಲಿ ಗದಗಿನ ನಿಂಬೆವ್ವ ಒಬ್ಬಳು. ಎಪ್ಪತ್ತು ದಾಟಿದ ಮುದುಕಿ, ಮೂರು ವರ್ಷದ ಹಿಂದೆ ಪಂಪು ಹಾಕಿಸಿಕೊಂಡವಳು. ಮಗಳು ಕಸ್ತೂರಿ ಅವಳ ಕೈ ಹಿಡಿದುಕೊಂಡು ಒಂದು ಬುಧವಾರ ಮಧ್ಯಾಹ್ನ ದಾವಲಸಾಬನ ಗ್ಯಾರೇಜಿಗೆ ಬಂದಳು. ಅರುಂಧತಿ ಆಗ ಅಲ್ಲಿಯೇ ಇದ್ದಳು. ಬೇಡವೆಂದು ಎಷ್ಟು ಹೇಳಿದರೂ ಕಸ್ತೂರಿ ಕೇಳಲಿಲ್ಲ. ಕೊನೆಗೆ ದಾವಲಸಾಬ ಒಂದು ಎಲೆಯನ್ನು ಮುದುಕಿಯ ಸೀರೆಯ ಸೆರಗಿನ ಮೇಲೆಯೇ ಇಟ್ಟ.

"ಗೊತ್ತಿಲ್ಲ," ಎಂದಿತು ಪೆಟ್ಟಿಗೆ.

"ಅಂದ್ರೇನ್ರಿ?" ಎಂದಳು ಕಸ್ತೂರಿ. "ಬಸ್ಸು ಹತ್ತಿ ಬಂದೇವಿ. ಸುಮಾರಾಗಿ ಹೇಳಿದ್ರೂ ನಡೀತೈತ್ರಿ."

"ಸುಮಾರಾಗಿ ಹೇಳಬಾರದು," ಎಂದಳು ಅರುಂಧತಿ. ಆಸ್ಪತ್ರೆಗೆ ಹೋಗಿ ಕೊಳವೆಯನ್ನೂ ಸೇರಿಸಿ ಸ್ಕ್ಯಾನ್ ಮಾಡಿಸಿ ಎಂದು ಬಿಡಿಸಿ ಹೇಳಿದಳು. ಒಂದು ಚೀಟಿಯಲ್ಲಿ ಬರೆದೂ ಕೊಟ್ಟಳು.

"ಅವರು ಎಲ್ಲಾ ಹಸರ ಐತಿ ಅಂತಾರ. ಹಸರಂದ್ರ ಎಷ್ಟು ದಿನ ಅಂತ ಕೇಳಿದ್ರ ಬಾಯಿ ಬಿಡಂಗಿಲ್ಲ." ಕಸ್ತೂರಿ ತಾಯಿಯನ್ನು ಎಬ್ಬಿಸಿದಳು. "ಸ್ಟೇಶನ್ ರೋಡಿನ್ಯಾಗ ಹೊಸಾದೊಂದು ಪೆಟಗಿ ಬಂದೈತಂತ. ಅಲ್ಲಿ ಹೇಳ್ತಾರಂತ. ನಡಿಯವ್ವಾ."

ಅರುಂಧತಿ ಅವರ ಹಿಂದೆಯೇ ಹೋದಳು. ಏನು ಮಾಡಬೇಕೆಂದು ಅವಳಿಗೇ ತಿಳಿದಿರಲಿಲ್ಲ. ಸ್ಟೇಶನ್ ರಸ್ತೆಯ ಆ ಗ್ಯಾರೇಜಿನಲ್ಲಿ ಕಾರುಗಳಿರಲಿಲ್ಲ. ಗೋಡೆಯುದ್ದಕ್ಕೂ ಬೆಂಚು ಹಾಕಿದ್ದರು. ಒಂಬತ್ತು ಹತ್ತು ಜನ ಚೀಟಿ ಹಿಡಿದು ಕುಳಿತಿದ್ದರು. ನಿಂಬೆವ್ವಳ ಸರದಿ ಬಂದಾಗ ಅಲ್ಲಿಯವನು ಮಿರುಗುವ ಬಿಳಿಯ ಪೆಟ್ಟಿಗೆಯೊಂದನ್ನು ಅವಳ ಎದೆಯ ಹತ್ತಿರ ಹಿಡಿದ. ಒಂದು ಕ್ಷಣವೂ ಆಗಲಿಲ್ಲ, ಪರದೆ ಬೆಳಗಿತು. ನಲವತ್ತೊಂದು ತಿಂಗಳು.

ಕಸ್ತೂರಿ ಬೆರಳು ಮಡಚಿ ಲೆಕ್ಕ ಹಾಕಿದಳು. "ಮೂರು ವರ್ಷದ ಮ್ಯಾಲ ಐದು ತಿಂಗಳಬೇ. ಮೊಮ್ಮಗಳ ಮದಿವಿ ನೋಡ್ತಿ ನೀ."

ಮುದುಕಿಯ ಮುಖದ ಬಿಗಿ ಸಡಿಲಿತು.

"ಅಮ್ಮಾರ," ಎಂದು ಅರುಂಧತಿ ಮುಂದೆ ಬಂದಳು. "ಅದನ್ನ ನಂಬಬ್ಯಾಡ್ರಿ. ಆ ಪೆಟಗಿಗೆ ನಿಮ್ಮ ಪಂಪು ಏನಂತನ ತಿಳೀದು. ಬಾಯಿಗೆ ಬಂದದ್ದು ಹೇಳ್ಯದ."

ಕಸ್ತೂರಿ ತಿರುಗಿ ನೋಡಿದಳು. ಅವಳ ಕಣ್ಣಿನಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೇಡಿಕೆಯಿತ್ತು.

"ಹಂಗಾದ್ರ ಖರೇ ಎಷ್ಟು, ನೀವ ಹೇಳ್ರಿ ಮತ್ತ."

ಅರುಂಧತಿ ಬಾಯಿ ತೆರೆದಳು. ಹೇಳಲು ಅವಳ ಬಳಿ ಇದ್ದದ್ದು ಒಂದೇ ಮಾತು. ಅದನ್ನು ಅವರು ಆಗಲೇ ಕೇಳಿ ಬಿಟ್ಟುಬಂದಿದ್ದರು.

"ಇರ್ಲಿ ಬಿಡವಾ," ಎಂದು ನಿಂಬೆವ್ವ ಅರುಂಧತಿಯ ತೋಳು ಸವರಿದಳು. "ಯಾರರ ಒಬ್ರು ಹೇಳಿದ್ರಲ್ಲ. ಅಷ್ಟು ಸಾಕಾತು."

ಪೆಟ್ಟಿಗೆಯಿಂದ ಹೊರಬಂದ ಚೀಟಿಯನ್ನು ಅವಳು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗಳ ಕೈ ಹಿಡಿಯದೆ ತಾನೇ ಮೆಟ್ಟಿಲಿಳಿದು ಹೋದಳು. ಬೆಂಚಿನ ಮೇಲಿದ್ದವರೆಲ್ಲ ಒಂದೊಂದು ಜಾಗ ಮುಂದಕ್ಕೆ ಸರಿದರು. ಅವಳ ನಂತರದವನು ಆಗಲೇ ಅಂಗಿಯ ಗುಂಡಿ ಬಿಚ್ಚುತ್ತಿದ್ದ.